ಪಾಳಿಯ ನಡುವಿನ ಅರ್ಧ ತಾಸು

"ಫಾದರ್, ನೈಟ್ ಡ್ಯೂಟಿಯೊಳಗ ಅರ್ಧಾ ತಾಸು ಕಣ್ಣ ಮುಚ್ಚಿದ್ರ ಅದು ಪಗಾರ ಕದ್ದಂಗ ಆಗತೈತೇನ್ರಿ?" ಪಾಳಿಯ ಕೆಲಸದಲ್ಲಿರುವ ವಿಶ್ವಾಸಿಗಳು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳುತ್ತಿರುತ್ತಾರೆ. ಕೇಳುವವರು ಸೋಮಾರಿಗಳಲ್ಲ. ಸೋಮಾರಿಗೆ ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ.

ಗೋಳಗುಮ್ಮಟದ ಈ ಊರು ರಾತ್ರಿ ಎಚ್ಚರವಿದ್ದು ದುಡಿಯುವವರ ಊರೂ ಹೌದು. ವಿಜಯಪುರ ನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಓಣಿ ಓಣಿಯ ನರ್ಸಿಂಗ್ ಹೋಮುಗಳಲ್ಲಿ ದಾದಿಯರು ವಾರಕ್ಕೊಂದು ಪಾಳಿ ಬದಲಿಸುತ್ತಾರೆ. ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಬಬಲೇಶ್ವರ ಭಾಗದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಗಾಣ ನಿಲ್ಲುವಂತಿಲ್ಲ, ಕಡಿದ ಕಬ್ಬು ಕಾಯುವುದಿಲ್ಲ. ತಿಕೋಟಾ ಕಡೆಯ ಹಳ್ಳಿಗಳಿಗೆ ಹೋಗುವ ವಸ್ತಿ ಬಸ್ಸನ್ನು ನೀವೆಲ್ಲ ಬಲ್ಲಿರಿ. ಬೆಳಗಿನ ಮೊದಲ ಬಸ್ಸಿಗೆ ನಾವು ಓಡಿಬರುವಾಗ ಅದರ ಚಾಲಕ, ನಿರ್ವಾಹಕರು ರಾತ್ರಿ ಎಲ್ಲಿ ಮಲಗಿದ್ದರೆಂದು ಎಷ್ಟು ಜನ ಯೋಚಿಸಿದ್ದೇವೆ?

ಮೊದಲು ಆ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಬಿಡುವು ನಿಮ್ಮ ಪಾಲಿನದಾಗಿದ್ದರೆ, ನಿಮ್ಮ ಬದಲಿಗೆ ಒಬ್ಬರು ಎಚ್ಚರವಿದ್ದರೆ, ಕಣ್ಣು ಮುಚ್ಚುವುದು ಪಾಪವಲ್ಲ, ಕಳ್ಳತನವಂತೂ ಅಲ್ಲವೇ ಅಲ್ಲ. ಸಲೈನ್ ಮುಗಿಯುತ್ತಿರುವ ರೋಗಿಯನ್ನು ಬಿಟ್ಟು ಮಲಗಿದರೆ ಅದು ತಪ್ಪೇ. ಆದರೆ ಯಾರ ತಪ್ಪು, ಎಷ್ಟು ತಪ್ಪು? ನಸುಕಿನ ಮೂರು ನಾಲ್ಕರ ಹೊತ್ತಿಗೆ ದೇಹದ ಉಷ್ಣಾಂಶ ಇಳಿದು ನಿದ್ದೆ ಒತ್ತರಿಸಿ ಬರುವುದು ಪ್ರಕೃತಿ. ಪಾಳಿ ಬದಲಾದರೆ ದೇಹ ಅದಕ್ಕೆ ಹೊಂದಿಕೊಳ್ಳಲು ದಿನಗಟ್ಟಲೆ ಬೇಕು. ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ಪಾಳಿ ಬಂದಿರುತ್ತದೆ. ಬದಲಿ ಜನವನ್ನು ಕೊಡದೆ, ಕೂರಲು ಜಾಗ ಕೊಡದೆ ಒಬ್ಬಳನ್ನೇ ಹನ್ನೆರಡು ತಾಸು ನಿಲ್ಲಿಸಿದರೆ, ಆಕೆಯ ಕಣ್ಣು ತಾನಾಗಿ ಮುಚ್ಚಿದಾಗ ಆ ತಪ್ಪಿನ ದೊಡ್ಡ ಪಾಲು ಡ್ಯೂಟಿ ಪಟ್ಟಿ ಬರೆದ ಕೈಗೆ ಸೇರುತ್ತದೆ. ಮನಃಪೂರ್ವಕ ಸಮ್ಮತಿ ಇಲ್ಲದ ಕಡೆ ಪಾಪದ ಭಾರ ಕಡಿಮೆ ಎಂದು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ.

ಈಗಿನ ಆಡಳಿತಗಾರರು ವಿಶ್ರಾಂತಿ ಕೋಣೆಯನ್ನು ವಿರೋಧಿಸುವುದಿಲ್ಲ. ಅದರಿಂದ ಉತ್ಪಾದನೆ ಹೆಚ್ಚುತ್ತದೆ, ಅಪಘಾತ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮಾತು ನಿಜವೇ. ವಿಶ್ರಾಂತಿ ಇರುವುದು ಮತ್ತೆ ಕೆಲಸ ಮಾಡುವುದಕ್ಕಾಗಿ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೂಡ ಹೇಳಿದ್ದಾನೆ. ಆದರೆ ಇಷ್ಟೇ ಕಾರಣವಾದರೆ ಒಂದು ಅಪಾಯವಿದೆ. ಲಾಭ ಕಾಣದ ದಿನ ಆ ಕೋಣೆ ಉಗ್ರಾಣವಾಗುತ್ತದೆ. ಮೊದಲು ಒಂದು ಮುರಿದ ಕುರ್ಚಿ ಒಳಗೆ ಬರುತ್ತದೆ, ಆಮೇಲೆ ಬ್ಲೀಚಿಂಗ್ ಪುಡಿಯ ಚೀಲ, ಕೊನೆಗೆ ಬೀಗ.

ಪವಿತ್ರ ಗ್ರಂಥದ ತರ್ಕ ಬೇರೆ. ವಿಮೋಚನಾಕಾಂಡದ 23ನೇ ಅಧ್ಯಾಯದಲ್ಲಿ ಏಳನೆಯ ದಿನದ ನಿಯಮಕ್ಕೆ ಕೊಟ್ಟ ಕಾರಣವನ್ನು ಗಮನಿಸಿ. ಎತ್ತು, ಕತ್ತೆ ದಣಿವಾರಿಸಿಕೊಳ್ಳಲಿ, ದಾಸಿಯ ಮಗನೂ ಪರದೇಶಿಯೂ ಉಸಿರು ತಿರುಗಿಸಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಇಲ್ಲಿ ಬಳಸಿರುವ ಹೀಬ್ರೂ ಕ್ರಿಯಾಪದ ಹಳೆಯ ಒಡಂಬಡಿಕೆಯಲ್ಲಿ ಮೂರೇ ಕಡೆ ಬರುತ್ತದೆ. ಅದರಲ್ಲಿ ಒಂದು, ಅದೇ ಗ್ರಂಥದ 31ನೇ ಅಧ್ಯಾಯದಲ್ಲಿ, ಸೃಷ್ಟಿಕಾರ್ಯ ಮುಗಿಸಿದ ದೇವರಿಗೇ ಅನ್ವಯಿಸುತ್ತದೆ. ದಣಿಯದ ದೇವರಿಗೂ ದಣಿದ ದಾಸಿಯ ಮಗನಿಗೂ ಒಂದೇ ಪದ! ದೇವರು ವಿಶ್ರಮಿಸಿದ್ದು ಎಂಟನೆಯ ದಿನ ಹೆಚ್ಚು ದುಡಿಯಲೆಂದಲ್ಲ. ಹಾಗಾದರೆ ವಿಶ್ರಾಂತಿ ದುಡಿಮೆಯ ಬಾಲವಲ್ಲ. ದೇವರ ಪ್ರತಿರೂಪವಾದ ಮನುಷ್ಯನಿಗೆ ಅದು ಸಲ್ಲಬೇಕಾದದ್ದು.

1891ರಲ್ಲಿ ಜಗದ್ಗುರು 13ನೇ ಲಿಯೋ ಅವರು ‘ರೇರುಂ ನೊವಾರುಂ’ ಪರಿಪತ್ರದಲ್ಲಿ ವಿಶ್ರಾಂತಿಯ ಅವಧಿಯನ್ನು ಕೆಲಸದ ಸ್ವರೂಪ, ಕಾಲ, ಸ್ಥಳ ಮತ್ತು ಕೆಲಸಗಾರನ ಆರೋಗ್ಯ ನೋಡಿ ನಿರ್ಧರಿಸಬೇಕೆಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದೂ ಈ ಪರಿಪತ್ರವನ್ನು ನೆನೆದೇ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ 150ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ವಿಶ್ರಾಂತಿ ಕೋಣೆ ಇರಬೇಕೆಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 50ಕ್ಕೆ ಇಳಿದಿದೆ. ಸಾರಿಗೆ ನೌಕರರು ರಾತ್ರಿ ತಂಗಬೇಕಾದ ಸಂದರ್ಭಕ್ಕೂ ಈ ಏರ್ಪಾಡನ್ನು ಅದು ಹೇಳುತ್ತದೆ. ಆದರೆ ಕಾರ್ಖಾನೆ, ಗಣಿ, ಸಾರಿಗೆ ಎಂದು ಹೆಸರಿಸುವ ಆ ನಿಯಮದೊಳಗೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಬರುವುದಿಲ್ಲ. ಕಾನೂನು ನಿಂತ ಕಡೆಯೇ ನಮ್ಮ ಮನಸ್ಸಾಕ್ಷಿಯೂ ನಿಲ್ಲಬೇಕೆ? ನಮ್ಮವರೇ ನಡೆಸುವ ಆಸ್ಪತ್ರೆ, ವಸತಿನಿಲಯಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ತರುಣ ವೈದ್ಯೆ ದೀರ್ಘ ಡ್ಯೂಟಿಯ ನಡುವೆ ಮಲಗಲು ಹೋದದ್ದು ಒಂದು ಸೆಮಿನಾರ್ ಹಾಲಿಗೆ. ಸರ್ವೋಚ್ಚ ನ್ಯಾಯಾಲಯ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಕಾರ್ಯಪಡೆ ನೇಮಿಸಿದಾಗ ವೈದ್ಯರಿಗೆ ಸರಿಯಾದ ವಿಶ್ರಾಂತಿ ಕೋಣೆಗಳಿಲ್ಲದ ಸಂಗತಿಯೂ ಚರ್ಚೆಗೆ ಬಂತು. ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಎಂಬುದು ಎಷ್ಟು ಸಣ್ಣ ವಸ್ತು, ಎಷ್ಟು ದೊಡ್ಡ ವಿಷಯ!

ಆದ್ದರಿಂದ ಕೋಣೆ ಕಟ್ಟುವವರು ಬಣ್ಣ, ಟಿ.ವಿ. ಎಂದು ಹೊರಡುವ ಮೊದಲು ಬಳಸುವವರನ್ನು ಕೇಳಲಿ. ಹೆಂಗಸರಿಗೆ ಪ್ರತ್ಯೇಕ ಕೋಣೆ, ವಾರ್ಡಿಗೆ ಸಮೀಪ. ಕಾಲು ಚಾಚಲು ಮಂಚ, ಒಬ್ಬರು ಎದ್ದು ಇನ್ನೊಬ್ಬರು ಮಲಗುವಾಗ ಹಾಸಲು ಬೇರೆ ಚಾದರ. ಹಗಲು ಮಲಗುವವರಿಗೆ ಕಿಟಕಿಗೆ ದಪ್ಪ ಪರದೆ. ನಮ್ಮ ಬೇಸಿಗೆಗೆ ಫ್ಯಾನು, ತಣ್ಣನೆಯ ನೀರು. ರಾತ್ರಿ ಎರಡಕ್ಕೆ ಬುತ್ತಿ ಬಿಚ್ಚಿದರೆ ಪಲ್ಯ ಬಿಸಿ ಮಾಡಿಕೊಳ್ಳಲು ಒಂದು ಒಲೆ. ಒಳಗೆ ಕ್ಯಾಮೆರಾ ಬೇಡ. ಸಾಹೇಬರಿಗೊಂದು, ಗುತ್ತಿಗೆ ಕೆಲಸದವರಿಗೆ ಮೆಟ್ಟಿಲ ಕೆಳಗೊಂದು ಎಂಬ ಏರ್ಪಾಡಂತೂ ಬೇಡವೇ ಬೇಡ. ಬಿರುಗಾಳಿಯಲ್ಲಿ ಯೇಸುಸ್ವಾಮಿ ದೋಣಿಯಲ್ಲಿ ನಿದ್ರಿಸಿದ್ದನ್ನು ಹೇಳುವಾಗ ತಲೆಯಡಿಯ ದಿಂಬನ್ನು ನೆನೆದವನು ಸಂತ ಮಾರ್ಕನೊಬ್ಬನೇ. ಪ್ರವಾದಿ ಎಲೀಯ ಬೇಸತ್ತು ಸಾಯಬಯಸಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟ. ಉಂಡವನು ಮತ್ತೆ ಮಲಗಲು ಬಿಟ್ಟ.

ಇನ್ನು ಮನೆಯ ಮಾತು. ಗಂಡ ರಾತ್ರಿ ಪಾಳಿ ಮುಗಿಸಿ ಬಂದರೆ "ಅಪ್ಪ ಮಲಗ್ಯಾನ, ಗದ್ದಲ ಮಾಡಬ್ಯಾಡ್ರಿ" ಎಂದು ಮಕ್ಕಳನ್ನು ಹೊರಗೆ ಅಟ್ಟುತ್ತೇವೆ. ಅದೇ ಪಾಳಿ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಟ್ಟವಳೇ ರೊಟ್ಟಿ ತಟ್ಟಲು ಕೂರುತ್ತಾಳೆ. ಆಸ್ಪತ್ರೆಯವರು ಕೋಣೆ ಕೊಡಲಿಲ್ಲವೆಂದು ದೂರುವ ಗಂಡಸರು, ಅತ್ತೆಯಂದಿರು ತಮ್ಮ ಮನೆಯಲ್ಲಿ ಆಕೆಗೆ ಬೆಳಗಿನ ಎಂಟರಿಂದ ಮಧ್ಯಾಹ್ನದವರೆಗೆ ಬಾಗಿಲು ಮುಚ್ಚಿದ ಒಂದು ಕೋಣೆ ಇದೆಯೇ ಎಂದು ನೋಡಲಿ.

ರವಿವಾರದ ಪೂಜೆಯ ವಿಷಯದಲ್ಲೂ ಅನಗತ್ಯ ಅಂಜಿಕೆ ಬೇಡ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಕರ್ತವ್ಯ ನೆರವೇರಿದಂತೆ ಎಂದು 1983ರ ಶ್ರೀಸಭೆಯ ಕಾನೂನು ಸಂಹಿತೆಯ 1248ನೇ ವಿಧಿ ಹೇಳುತ್ತದೆ. ಅದೂ ಆಗದ ಪಾಳಿ ಇದ್ದರೆ ಧರ್ಮಗುರುವನ್ನು ಕಂಡು ಮಾತಾಡಿ. ಸಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಇನ್ನು ಡ್ಯೂಟಿಯಿಂದ ನೇರವಾಗಿ ಬೆಳಗಿನ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನು ಪಕ್ಕದವರು ತಿವಿದು ಎಬ್ಬಿಸಬೇಕಾಗಿಲ್ಲ.