ಗೋಡೆಯೊಳಗಿನ ತಂತಿಗೆ ಹೊಣೆ ಯಾರು?

ಮನೆಗೆ ಬಣ್ಣ ಹೊಡೆಸಿದರೆ ಬಂದವರೆಲ್ಲ ನೋಡುತ್ತಾರೆ. ನೆಲಕ್ಕೆ ಗ್ರಾನೈಟ್ ಹಾಕಿಸಿದರೆ ನೆಂಟರು ಮೆಚ್ಚುತ್ತಾರೆ. ಆದರೆ ಗೋಡೆಯೊಳಗೆ ಹೊಸ ವೈರು ಎಳೆಸಿದರೆ ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಸಾಲ ಮಾಡಿಯಾದರೂ ಟೈಲ್ಸ್ ಹಾಕಿಸುವ ನಾವು, ವೈರಿಂಗ್ ಮಾತು ಬಂದಾಗ ಮಾತ್ರ "ಇಷ್ಟು ವರ್ಷ ನಡೆದಿದೆಯಲ್ಲ, ಇನ್ನೂ ನಡೆಯುತ್ತೆ ಬಿಡಿ" ಎನ್ನುತ್ತೇವೆ. ಇದು ಬರೀ ಹಣದ ಲೆಕ್ಕಾಚಾರವೇ? ಅಥವಾ ಇದರಲ್ಲಿ ನಮ್ಮ ಮನಸ್ಸಾಕ್ಷಿಯ ಪ್ರಶ್ನೆಯೂ ಅಡಗಿದೆಯೇ? ಸ್ವಲ್ಪ ಕುಳಿತು ಯೋಚಿಸೋಣ.

ಯಲಹಂಕದ ಪಕ್ಕದ ಕೋಗಿಲನ್ನೇ ತೆಗೆದುಕೊಳ್ಳಿ. ಕೆರೆ, ಹೊಲಗಳ ನಡುವಿನ ಹಳ್ಳಿಯಾಗಿದ್ದ ಊರು ಅದು. 2007ರಲ್ಲಿ ಯಲಹಂಕ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ಊರುಗಳ ಚಹರೆಯೇ ಬದಲಾಯಿತು. ಇಂತಹ ಊರುಗಳಲ್ಲಿ ಹಳೆಯ ಮನೆಯ ಮೇಲೆ ಒಂದು ಮಹಡಿ, ಅದರ ಮೇಲೆ ಇನ್ನೊಂದು ಮಹಡಿ ಎದ್ದದ್ದನ್ನು ನೀವೇ ನೋಡಿದ್ದೀರಿ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ಆದರೆ ಎಷ್ಟೋ ಮನೆಗಳ ಕೆಳಗಿನ ಭಾಗದಲ್ಲಿ ಕೆಇಬಿ ಕಾಲದ ವೈರಿಂಗ್ ಹಾಗೇ ಉಳಿದಿದೆ. ಮರದ ರೀಪರಿನ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರು, ಪಿಂಗಾಣಿಯ ಫ್ಯೂಸು, ಮೂರನೆಯ ತೂತಿಗೆ ಏನನ್ನೂ ಜೋಡಿಸದ ಪ್ಲಗ್ಗು.

ಆ ವೈರು ಎಳೆದಾಗ ಮನೆಯಲ್ಲಿ ಇದ್ದದ್ದೇನು? ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಇಂದು ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮೆಷಿನ್, ಗೀಸರ್, ಇಂಡಕ್ಷನ್ ಒಲೆ ಎಲ್ಲವೂ ಇವೆ. ಕೆಲವರ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಆಗುವ ಸ್ಕೂಟರೂ ಇದೆ. 2000 ವ್ಯಾಟಿನ ಒಂದು ಗೀಸರ್ ಹಾಕಿದರೆ 40 ವ್ಯಾಟಿನ 50 ಬಲ್ಬುಗಳು ಒಟ್ಟಿಗೆ ಉರಿದಂತೆ. ಹತ್ತಿರ ಹತ್ತಿರ 9 ಆಂಪಿಯರ್ ಕರೆಂಟು ಒಂದೇ ತಂತಿಯಲ್ಲಿ ಹರಿಯುತ್ತದೆ. ಕರೆಂಟು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ತಂತಿಯ ಮೇಲಿನ ಹೊದಿಕೆ ವರ್ಷಗಟ್ಟಲೆ ಬಿಸಿಯಾಗಿ ಬಿಸಿಯಾಗಿ ಒಣಗುತ್ತದೆ, ಬಿರಿಯುತ್ತದೆ. ಹೊರಗೆ ಗೋಡೆ ತಣ್ಣಗೇ ಇರುತ್ತದೆ. ಅದಕ್ಕೇ ನಮಗೆ ಭಯವೂ ಇಲ್ಲ.

ಕೆಲಸ ಒಪ್ಪಿಸಬಹುದು, ಹೊಣೆಯನ್ನಲ್ಲ

"ನಮಗೇನು ಗೊತ್ತು ಸ್ವಾಮಿ? ಎಲೆಕ್ಟ್ರಿಷಿಯನ್ ಕರೆದೆವು, ದುಡ್ಡು ಕೊಟ್ಟೆವು. ಇನ್ನು ಹೆಚ್ಚುಕಡಿಮೆಯಾದರೆ ಅವನದೇ ತಪ್ಪು" ಎಂದು ಹಲವರು ಹೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಪವಿತ್ರ ಗ್ರಂಥ ಬೇರೆ ದಾರಿ ತೋರಿಸುತ್ತದೆ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿ ಒಂದು ಚಿಕ್ಕ ಕಟ್ಟಳೆ ಇದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಿಸಬೇಕು. ಇಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ. ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದಾಗಿ, ಈ ಮಾತನ್ನು ಹೇಳಿರುವುದು ಗಾರೆಯವನಿಗಲ್ಲ, ಮನೆಯ ಯಜಮಾನನಿಗೆ. ಎರಡನೆಯದಾಗಿ, ಬಿದ್ದವನು ಎಚ್ಚರಿಕೆಯಿಂದ ನಡೆದನೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಅದು ಎತ್ತುವುದಿಲ್ಲ. ಮನುಷ್ಯ ಎಡವುತ್ತಾನೆ, ಎಡವಿದವನು ಸಾಯಬಾರದು. ಅದಕ್ಕೆ ಬೇಕಾದ ಏರ್ಪಾಟು ಮನೆಯವನ ಕರ್ತವ್ಯ.

ನಮ್ಮ ಕಾಲದ ಅಡ್ಡಗೋಡೆ ಯಾವುದು? ಅರ್ತಿಂಗ್ ಮತ್ತು ಆರ್‌ಸಿಸಿಬಿ ಎನ್ನುವ ಚಿಕ್ಕ ಪೆಟ್ಟಿಗೆ. ಅನೇಕರು ಎಂಸಿಬಿ ಇದ್ದರೆ ಸಾಕೆಂದುಕೊಂಡಿದ್ದಾರೆ. ಎಂಸಿಬಿ ಕಾಯುವುದು ತಂತಿಯನ್ನು. ತಂತಿ ತಾಳಲಾರದಷ್ಟು ಕರೆಂಟು ಹರಿದಾಗ ಅದು ಬೀಳುತ್ತದೆ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ಹಿಂತಿರುಗಿತೇ ಎಂದು ಅದು ಸದಾ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನಷ್ಟು ಕರೆಂಟು ದಾರಿ ತಪ್ಪಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿದುಹಾಕುತ್ತದೆ.

ಈ ಅಡ್ಡಗೋಡೆ ಇಲ್ಲದಿದ್ದರೆ ಬೀಳುವವರು ಯಾರು? ಸ್ನಾನದ ಮನೆಯಲ್ಲಿ ಬರಿಗಾಲಲ್ಲಿ ನಿಂತ ಅಜ್ಜಿ. ಒದ್ದೆ ಕೈಯಲ್ಲಿ ವಾಷಿಂಗ್ ಮೆಷಿನ್ ಮುಟ್ಟುವ ಮನೆಗೆಲಸದ ಹೆಂಗಸು. ಮೇಲಿನ ಮನೆಯ ಬಾಡಿಗೆಯವರ ಮಗು. ಬಾಡಿಗೆಯವರು ನಮ್ಮ ಗೋಡೆಯನ್ನು ಒಡೆದು ನೋಡುವಂತಿಲ್ಲ. ನಮ್ಮ ಮಾತನ್ನು ನಂಬಿಯೇ ಅಡ್ವಾನ್ಸ್ ಕೊಟ್ಟಿದ್ದಾರೆ. ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುವಾಗ ಈ ಮಾತು ನಮಗೆ ನೆನಪಿರಬೇಕು.

2023ರ ನವೆಂಬರ್ 19ರಂದು ಬೆಂಗಳೂರಿನ ಹೋಪ್ ಫಾರ್ಮ್ ವೃತ್ತದ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ತಾಯಿ, ಅವಳ ತೋಳಲ್ಲಿದ್ದ 9 ತಿಂಗಳ ಕೂಸು ಇಬ್ಬರೂ ಪ್ರಾಣ ಬಿಟ್ಟರು. ಇಡೀ ನಗರ ಮರುಗಿತು, ಕೋಪಗೊಂಡಿತು. ಕೆಲವು ಅಧಿಕಾರಿಗಳು ಅಮಾನತುಗೊಂಡರು. ಆ ಕೋಪ ನ್ಯಾಯವಾದದ್ದೇ. ಬೀದಿಯ ತಂತಿಗೆ ಅಧಿಕಾರಿ ಹೊಣೆ ಎನ್ನುವ ನಾವು, ನಮ್ಮ ಮನೆಯ ತಂತಿಗೆ ಯಾರು ಹೊಣೆ ಎಂದು ಕೇಳಿಕೊಳ್ಳುವುದೂ ಅಷ್ಟೇ ನ್ಯಾಯ.

ಚೌಕಾಸಿ ಮಾಡಿದ ಹಣ ಎಲ್ಲಿಂದ ಹೋಗುತ್ತದೆ?

ಇಬ್ಬರು ಎಲೆಕ್ಟ್ರಿಷಿಯನ್‌ಗಳು ಮನೆ ನೋಡಲು ಬಂದರೆಂದು ಇಟ್ಟುಕೊಳ್ಳಿ. ಒಬ್ಬ ಹೇಳುತ್ತಾನೆ: "ಹಳೇ ವೈರು ಇರಲಿ ಬಿಡಿ ಅಮ್ಮಾ, ಹೊಸ ಸ್ವಿಚ್ಚು ಹಾಕಿ ಎರಡು ದಿನದಲ್ಲಿ ಮುಗಿಸ್ತೀನಿ." ಇನ್ನೊಬ್ಬ ಹೇಳುತ್ತಾನೆ: "ಅಮ್ಮಾ, ಅರ್ತಿಂಗ್ ಇಲ್ದೆ ನಾನು ಗೀಸರ್ ಲೈನ್ ಕೊಡಲ್ಲ. ಹೊಸ ಗುಂಡಿ ತೋಡಬೇಕು, ಅಡುಗೆಮನೆ ಲೈನ್ ಬೇರೆ ಎಳೀಬೇಕು." ಅವನ ಲೆಕ್ಕ ಎರಡರಷ್ಟಾಗುತ್ತದೆ. ಬಹಳ ಮನೆಗಳಲ್ಲಿ ಎರಡನೆಯವನ ಬಗ್ಗೆಯೇ ಸಂಶಯ: "ಇವನು ಸುಲಿಯೋಕೆ ಬಂದಿದ್ದಾನೆ." ನಿಜ ಹೇಳಿದವನು ಕಳ್ಳನಾಗುತ್ತಾನೆ, ನಮಗೆ ಇಷ್ಟವಾದದ್ದನ್ನು ಹೇಳಿದವನು ಒಳ್ಳೆಯವನಾಗುತ್ತಾನೆ.

ಪಾಯಿಂಟಿಗೆ ಇಷ್ಟು ಎಂದು ಮಾತಾಡುವಾಗ ನಾವು ಹಟ ಹಿಡಿದು ಇಳಿಸಿದ ಹಣ ಎಲ್ಲಿಂದ ಹೋಗುತ್ತದೆ? ಕಣ್ಣಿಗೆ ಕಾಣುವ ಸ್ವಿಚ್ಚಿನಿಂದ ಹೋಗುವುದಿಲ್ಲ. ಅದನ್ನು ನಾವು ಮುಟ್ಟಿ ನೋಡುತ್ತೇವೆ. ಕಾಣದ ಕಡೆಯಿಂದಲೇ ಹೋಗುತ್ತದೆ. 2.5 ಚದರ ಮಿಲಿಮೀಟರ್ ವೈರು ಹೋಗಬೇಕಾದಲ್ಲಿ 1.5ರ ವೈರು ಹೋಗುತ್ತದೆ. ಪೈಪಿನೊಳಗೆ ಬರೀ ಟೇಪು ಸುತ್ತಿದ ಜಾಯಿಂಟು ಉಳಿಯುತ್ತದೆ. ಹಸಿರು ಬಣ್ಣದ ಅರ್ತ್ ವೈರು ಬೋರ್ಡಿನ ಹಿಂದೆ ಯಾವುದಕ್ಕೂ ಸೇರದೆ ನೇತಾಡುತ್ತದೆ. ಮೋಸ ಮಾಡಿದವನು ಅವನೇ, ನಿಜ. ಆದರೆ ನ್ಯಾಯವಾಗಿ ಮಾಡಲು ಸಾಧ್ಯವೇ ಇಲ್ಲದ ಬೆಲೆಗೆ ಅವನನ್ನು ತಳ್ಳಿದವರು ಯಾರು? ಎರಡೂ ತಪ್ಪೇ. ಒಂದು ಇನ್ನೊಂದನ್ನು ತೊಳೆಯುವುದಿಲ್ಲ.

ಈ ಕಸುಬಿನವರೂ ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅವರಿಗೂ ಒಂದು ಮಾತು. ಅಂಗಡಿಯವನು ಕೊಡುವ ಕಮಿಷನ್ನಿಗಾಗಿ ಬೇಡದ ಸಾಮಾನು ಬರೆಸುವುದು, ಗೊತ್ತಿದ್ದೂ ಸಣ್ಣ ವೈರು ಎಳೆಯುವುದು, ನಿಮ್ಮನ್ನು ನಂಬಿ ಬಾಗಿಲು ತೆರೆದವರಿಗೆ ಬಗೆಯುವ ದ್ರೋಹ. "ಇದನ್ನು ಹೀಗೆ ನಾನು ಮಾಡಲ್ಲ" ಎಂದು ಹೇಳಿ ಒಂದು ಕೆಲಸ ಕಳೆದುಕೊಳ್ಳುವ ಧೈರ್ಯ ದೊಡ್ಡದು. ಅಂತಹವರನ್ನು ಗುರುತಿಸುವುದು, ಕಾಯ್ದುಕೊಳ್ಳುವುದು ನಮ್ಮ ಕೆಲಸ. ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಯುವುದರ ಲಾಭವೂ ಇಲ್ಲೇ ಇದೆ. ಅವನು ನಾಳೆಯೂ ಕೋಗಿಲು ಕ್ರಾಸಿನಲ್ಲಿ ನಮ್ಮ ಕಣ್ಣಿಗೆ ಬೀಳುತ್ತಾನೆ. ನಾವೂ ಅವನ ಕಣ್ಣಿಗೆ ಬೀಳುತ್ತೇವೆ.

ಕೇಳುವುದು ಅವಮಾನವಲ್ಲ

ನಮಗೆ ವೈರಿಂಗ್ ಬರಬೇಕಾಗಿಲ್ಲ, ಆದರೆ ಕೇಳಲು ಬರಬೇಕು. ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಪರ್ಮಿಟ್ ನಿಮಗಿದೆಯೇ, ಅಥವಾ ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಕೆಳಗೆ ಮಾಡುತ್ತೀರಾ? ವೈರಿನ ಮೇಲೆ ಐಎಸ್‌ಐ ಗುರುತಿದೆಯೇ? ದೀಪಕ್ಕೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎ.ಸಿ.ಗೆ 4 ಚದರ ಮಿಲಿಮೀಟರ್ ಎಳೆಯುವುದು ಸಾಮಾನ್ಯ ರೂಢಿ. ನಮ್ಮ ಮನೆಗೆ ಯಾವುದು ಹಾಕುತ್ತೀರಿ? ಕೆಲಸ ಮುಗಿದ ಮೇಲೆ ಮೆಗ್ಗರ್ ಹಚ್ಚಿ ತೋರಿಸುತ್ತೀರಾ? ಗೋಡೆ ಮುಚ್ಚುವ ಮೊದಲು ಪೈಪು ಹೋದ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವವರ ಜೀವ ಉಳಿಯುತ್ತದೆ. ಲೋಡ್ ಹೆಚ್ಚಿಸಿದ್ದರೆ ಬೆಸ್ಕಾಂಗೆ ತಿಳಿಸಿ ಮಂಜೂರು ಮಾಡಿಸಿಕೊಳ್ಳಿ. ಒಳ್ಳೆಯ ಕೆಲಸಗಾರ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾನೆ.

"ಅಷ್ಟು ಹಣ ಎಲ್ಲಿಂದ ತರೋಣ?" ಎಂದು ಕೇಳುವ ಕುಟುಂಬಗಳಿವೆ. ಅವರ ಕಷ್ಟ ಸಣ್ಣದಲ್ಲ. ಎಲ್ಲವನ್ನೂ ಒಂದೇ ಸಲ ಮಾಡಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಸಾಲು ಸರಿಯಾಗಿರಲಿ. ಮೊದಲು ಅರ್ತಿಂಗ್, ಆರ್‌ಸಿಸಿಬಿ. ಆಮೇಲೆ ಅಡುಗೆಮನೆ, ಸ್ನಾನದ ಮನೆಯ ಲೈನು. ಆಮೇಲೆ ದೀಪ, ಫ್ಯಾನು. ಬಣ್ಣ, ಫಾಲ್ಸ್ ಸೀಲಿಂಗ್ ಕೊನೆಗೆ. ಹಳೆಯ ಲೈನಿಗೆ ಗೀಸರ್ ಜೋಡಿಸುವುದಕ್ಕಿಂತ ಇನ್ನೊಂದು ವರ್ಷ ಒಲೆಯ ಮೇಲೆ ನೀರು ಕಾಯಿಸುವುದೇ ಮೇಲು.

ಏಣಿಯ ಮೇಲಿರುವವನೂ ನೆರೆಯವನೇ

ಕೊನೆಯದಾಗಿ, ಕೆಲಸಕ್ಕೆ ಬಂದವರ ಜೀವದ ಮಾತು. "ಟಿವಿ ನೋಡ್ತಿದ್ದೀವಿ, ಮೇನ್ ಆಫ್ ಮಾಡ್ಬೇಡಪ್ಪಾ, ಹಾಗೇ ಮಾಡಿಬಿಡು" ಎನ್ನುವ ಮಾತು ನಮ್ಮ ಬಾಯಿಂದ ಬರಬಾರದು. ಮೇನ್ ಆಫ್ ಮಾಡಿದ ಮೇಲೆ ಮನೆಯಲ್ಲಿ ಯಾರೂ ಅದನ್ನು ಮುಟ್ಟದಂತೆ ಎಲ್ಲರಿಗೂ ತಿಳಿಸಬೇಕು. ಮೇಸ್ತ್ರಿಯ ಜೊತೆ ಗೋಡೆ ಕೊರೆಯಲು ಬಂದ ಹುಡುಗ ನಮ್ಮ ಆಳಲ್ಲ, ಮೇಸ್ತ್ರಿಯ ಆಳು ಎಂದು ನಾವು ಸುಮ್ಮನಿರುವಂತೆಯೂ ಇಲ್ಲ. ಜಗದ್ಗುರು 2ನೇ ಜಾನ್ ಪಾಲ್ 1981ರ 'ಲಬೋರೆಮ್ ಎಕ್ಸರ್ಸೆನ್ಸ್' ವಿಶ್ವಪರಿಪತ್ರದಲ್ಲಿ, ನೇರವಾಗಿ ಕೂಲಿ ಕೊಡದಿದ್ದರೂ ಕೆಲಸದ ಷರತ್ತುಗಳನ್ನು ರೂಪಿಸುವವರಿಗೂ ಹೊಣೆಯಿದೆ ಎಂದು ಬೋಧಿಸಿದ್ದಾರೆ. ನಾವು ಹೇಳುವ ಬೆಲೆ, ನಾವು ಹಾಕುವ ಅವಸರ, ಇವೇ ಆ ಹುಡುಗನ ಕೂಲಿಯನ್ನೂ ಕ್ಷೇಮವನ್ನೂ ನಿರ್ಧರಿಸುತ್ತವೆ.

1891ರಲ್ಲಿ ಜಗದ್ಗುರು 13ನೇ ಲಿಯೋ 'ರೇರುಮ್ ನೊವಾರುಮ್' ವಿಶ್ವಪರಿಪತ್ರದಲ್ಲಿ ಇನ್ನೂ ಕಟುವಾದ ಮಾತು ಹೇಳಿದ್ದರು: ಬೇರೆ ದಾರಿಯಿಲ್ಲದೆ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿದನೆಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣವೂ ಆ ಪರಿಪತ್ರವೇ. "ಅವನೇ ಒಪ್ಪಿಕೊಂಡನಲ್ಲ" ಎನ್ನುವ ಮುನ್ನ ಇದನ್ನು ನೆನೆಯೋಣ. ಕೆಲಸ ಒಪ್ಪಿಕೊಂಡ ಮೇಲೆ "ಮುಂದಿನ ವಾರ ಬಾ" ಎಂದು ಓಡಾಡಿಸುವುದೂ ಬೇಡ. ಬಡ ಕೂಲಿಯವನ ಹಣವನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂಬ ಆಜ್ಞೆ ಅದೇ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ.

ಪ್ರಿಯ ಓದುಗರೇ, ಈ ಭಾನುವಾರ ಪೂಜೆಯಿಂದ ಬಂದ ಮೇಲೆ ಮನೆಮಂದಿಯೆಲ್ಲ ಮೇನ್ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲಿ. ಆರ್‌ಸಿಸಿಬಿ ಮೇಲಿನ 'ಟೆಸ್ಟ್' ಗುಂಡಿ ಒತ್ತಿ. ತಕ್ಷಣ ಕರೆಂಟು ಹೋದರೆ ಆ ಪೆಟ್ಟಿಗೆ ಎಚ್ಚರವಾಗಿದೆ ಎಂದರ್ಥ. ಆದರೆ ಆ ಗುಂಡಿ ಅರ್ತಿಂಗನ್ನು ಪರೀಕ್ಷಿಸುವುದಿಲ್ಲ. ಅದನ್ನು ಬಲ್ಲವರಿಂದ ಬೇರೆಯಾಗಿ ಅಳೆಸಿ. ಗುಂಡಿ ಒತ್ತಿದರೂ ಏನೂ ಆಗದಿದ್ದರೆ, ಅಥವಾ ಅಂತಹ ಗುಂಡಿಯೇ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ, ಬಣ್ಣದವನಿಗೆ ಫೋನ್ ಮಾಡುವ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ. ಮೇಲಿನ ಮನೆಯ ಬಾಡಿಗೆಯವರಿಗೂ ಆ ವಿಷಯ ಹೇಳಿ.