ಬಾನೆಟ್ ಕೆಳಗಿನ ಬೀಗ

ದುಡ್ಡು ಕೊಟ್ಟು ತಗೊಂಡ ಕಾರು ನಮ್ಮದೇ ತಾನೆ? ಇಎಂಐ ನಾವು ಕಟ್ತೀವಿ, ಇನ್ಶೂರೆನ್ಸ್ ನಾವು ತುಂಬ್ತೀವಿ. ಆದರೆ ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಅಂತ ತೀರ್ಮಾನಿಸೋದು ಬಾನೆಟ್ ಕೆಳಗೆ ಕೂತಿರೋ ಒಂದು ಪೆಟ್ಟಿಗೆ. ಹೆಸರು ಇಸಿಯು. ಅದಕ್ಕೊಂದು ಬೀಗ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಅದು ಒಳಗೇ ಬಿಟ್ಟುಕೊಳ್ಳಲ್ಲ.

ಬೀಗ ಇದ್ದಲ್ಲಿ ಬೀಗ ತೆಗೆಯುವವರೂ ಇರ್ತಾರೆ. ಕೆಲವರು ಪೆಟ್ಟಿಗೆ ಬಿಚ್ಚಿ ಒಳಗಿನ ಲೆಕ್ಕಾಚಾರವನ್ನೇ ಬದಲಿಸ್ತಾರೆ; ಅದು ರೀಮ್ಯಾಪ್. ಇನ್ನು ಕೆಲವರು ಬೀಗದ ತಂಟೆಗೇ ಹೋಗಲ್ಲ. ಸೆನ್ಸರ್‌ಗೂ ಇಸಿಯುಗೂ ನಡುವೆ ಒಂದು ಸಣ್ಣ ಡಬ್ಬಿ ಕೂರಿಸ್ತಾರೆ. ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಅಂತ ಡಬ್ಬಿ ಸುಳ್ಳು ಹೇಳುತ್ತೆ, ಇಸಿಯು ಪಾಪ ನಂಬಿ ಒತ್ತಡ ಏರಿಸುತ್ತೆ.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಈ ಆಸೆ ಯಾಕೆ ಬರುತ್ತೆ ಅಂತ ವಿವರಿಸಬೇಕಿಲ್ಲ. ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ ಹೊರಟು, ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್. ಓವರ್‌ಟೇಕ್‌ಗೆ ಜಾಗ ಸಿಗೋದೇ ಮೂರು ಸೆಕೆಂಡು, ಆ ಮೂರು ಸೆಕೆಂಡೂ ಟರ್ಬೊ ಎದ್ದೇಳೋಕೇ ಬೇಕು. ಊರಲ್ಲೇ ಇರುವವರ ಕಷ್ಟ ಬೇರೆ. ಬಿಎಸ್ 6 ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ತೋಟದಿಂದ ಸುಳ್ಯ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅದು ಆಗಲ್ಲ. ಲೈಟ್ ಹತ್ತುತ್ತೆ, ಗಾಡಿ ಮಂಕಾಗುತ್ತೆ, ಸರ್ವೀಸ್ ಸೆಂಟರಿಗೆ ಓಡಬೇಕು. ಆಗ ಯಾರೋ ಹೇಳ್ತಾರೆ: ಫಿಲ್ಟರನ್ನೇ ಕಿತ್ತು ಹಾಕುವ, ಅದು ಇದೆ ಅಂತ ಇಸಿಯುಗೆ ನಂಬಿಸುವ.

ಬೀಗ ಒಡೆದದ್ದೇ ಪಾಪ ಅಂತ ನಾನು ಹೇಳಲ್ಲ. ಯಾಕೆಂದರೆ ಬೀಗ ಹಾಕಿದವರೂ ಸಾಚಾಗಳೇನಲ್ಲ. 2015ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ಚರ್ಚೆ ನಡೀತಿತ್ತು: ಮಾಲೀಕರು ತಮ್ಮ ಕಾರಿನ ಸಾಫ್ಟ್‌ವೇರ್ ಬಿಚ್ಚಿ ನೋಡಬಹುದೇ? ಬೇಡ, ಬಿಟ್ಟರೆ ಜನ ಹೊಗೆ ಜಾಸ್ತಿ ಮಾಡ್ತಾರೆ ಅಂತ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಪತ್ರ ಬರೆಯಿತು. ಎರಡೇ ತಿಂಗಳು. ಸೆಪ್ಟೆಂಬರಿನಲ್ಲಿ ಅದೇ ಇಪಿಎ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಡಬೇಕಾಯ್ತು. ಕಾರು ಪರೀಕ್ಷೆಯಲ್ಲಿದೆ ಅಂತ ಗೊತ್ತಾದ ಕೂಡಲೇ ಸಭ್ಯನಂತೆ ನಡೆದುಕೊಳ್ಳುವ, ರಸ್ತೆಗಿಳಿದರೆ ಮಿತಿಯ 40 ಪಟ್ಟುವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುವ ಸಾಫ್ಟ್‌ವೇರನ್ನು ಕಂಪನಿಯೇ ಬರೆದಿತ್ತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಕಾರು. ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯ್ತು. ಕಳ್ಳರಿಂದ ಕಾಪಾಡೋಕೆ ಅಂತ ಹಾಕಿದ ಬೀಗದ ಒಳಗೇ ಕಳ್ಳ ಕೂತಿದ್ದ! ಅಕ್ಟೋಬರಿನಲ್ಲಿ ಅಮೆರಿಕ ಮಾಲೀಕರಿಗೆ ಆ ಅನುಮತಿ ಕೊಟ್ಟಿತು.

ಹಾಗಂತ ನಮಗೆ ಎಲ್ಲದಕ್ಕೂ ಲೈಸೆನ್ಸ್ ಸಿಕ್ಕಿತಾ? ಇಲ್ಲ. ಆ ಕಂಪನಿ ಮಾಡಿದ ತಪ್ಪು ಬೀಗ ಹಾಕಿದ್ದಲ್ಲ, ಸುಳ್ಳು ಹೇಳಿದ್ದು. ಫಿಲ್ಟರ್ ಕಿತ್ತು ಇಸಿಯುಗೆ ನಂಬಿಸುವಾಗ ನಾವು ಮಾಡೋದೂ ಅದನ್ನೇ. ನಮ್ಮ ಡೀಸೆಲ್ ಗಾಡಿಗಳ ಹೊಗೆ ತಪಾಸಣೆ ನೋಡೋದು ಹೊಗೆಯ ದಟ್ಟಣೆಯನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನಲ್ಲ. ಅಂದರೆ ಸಿಕ್ಕಿಬೀಳುವ ಭಯ ಕಡಿಮೆ. ಆದರೆ ಕಡಬ ಪೇಟೆಯಲ್ಲಿ ಬಸ್ಸಿಗೆ ಕಾಯ್ತಿರೋ ಶಾಲೆ ಮಗು ನಮ್ಮ ಪಿಕಪ್‌ಗಾಗಿ ಉಸಿರು ಕೊಡಲು ಒಪ್ಪಿಲ್ಲ. ಕಾರು ನಮ್ಮದು, ಗಾಳಿ ನಮ್ಮದಲ್ಲ.

ಹಾಗಾಗಿ ನನ್ನ ಪರೀಕ್ಷೆ ಸರಳ. ಮಾಡಿಸಿದ್ದನ್ನು ಅದರ ನಷ್ಟ ಹೊರುವವರ ಮುಂದೆ ಬಾಯಿಬಿಟ್ಟು ಹೇಳಬಹುದಾ? ವಾರಂಟಿ ಕೇಳುವಾಗ ಸರ್ವೀಸ್ ಸೆಂಟರಿಗೆ, ಅಪಘಾತವಾದರೆ ಇನ್ಶೂರೆನ್ಸಿಗೆ, ನಾಳೆ ಕಾರು ಕೊಳ್ಳುವವನಿಗೆ, ಪಕ್ಕದಲ್ಲಿ ನಡೆದು ಹೋಗುವವನಿಗೆ? ಹೇಳಬಹುದಾದರೆ ಅದು ರಿಪೇರಿ. ಸರ್ವೀಸಿಗೆ ಬಿಡುವ ಹಿಂದಿನ ರಾತ್ರಿ ಡಬ್ಬಿ ಬಿಚ್ಚಿ ಡಿಕ್ಕಿಯಲ್ಲಿ ಅಡಗಿಸಬೇಕು ಅಂತಾದರೆ ಅದು ಮೋಸ. ಇದೇ ಪರೀಕ್ಷೆ ಕಂಪನಿಗೂ ಇರಲಿ. ಫಿಲ್ಟರಿನ ಮಸಿ ಸುಡಿಸುವ ಕೀಲಿಯನ್ನು ಮಾಲೀಕನಿಗೋ ಊರಿನ ಮೆಕ್ಯಾನಿಕ್‌ಗೋ ಕೊಟ್ಟರೆ ಯಾರಿಗೆ ನಷ್ಟ? ಉತ್ತರ ಹೇಳಲು ನಾಚಿಕೆಯಾದರೆ ಆ ಬೀಗಕ್ಕೂ ನ್ಯಾಯವಿಲ್ಲ.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರೇ ತಮ್ಮ ಪ್ರಯೋಗಗಳನ್ನು ಬರೆಯುತ್ತಾರೆ. ಯಂತ್ರ ಬಿಚ್ಚಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳೋದು ಈ ಸೀಮೆಯವರ ಗುಣ. ಮಾಡಿದ್ದನ್ನು ನಾಲ್ಕು ಜನರಿಗೆ ತೋರಿಸೋದೂ ಅಷ್ಟೇ ಹಳೆಯ ಗುಣ. ಮುಂದಿನ ಸಲ ಯಾರಾದರೂ ‘ಇಪ್ಪತ್ತು ಹಾರ್ಸ್‌ಪವರ್ ಜಾಸ್ತಿ ಮಾಡಿಕೊಡ್ತೇನೆ’ ಅಂದರೆ, ಎಷ್ಟಾಗುತ್ತೆ ಅಂತ ಕೇಳೋ ಮೊದಲು ಇದನ್ನು ಯಾರಿಂದ ಮುಚ್ಚಿಡಬೇಕಾಗುತ್ತೆ ಅಂತ ಕೇಳಿ ನೋಡಿ.