ಸ್ವಾರಸ್ಯ ಯಾರದು?

'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆಗೆ ಉತ್ತರ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ವಿರಳ. ಆಯ್ಕೆ, ಸಂದರ್ಭ, ಸ್ವಾರಸ್ಯ. ಮೊದಲೆರಡನ್ನು ಬಾಯಿಪಾಠ ಮಾಡಿದರೆ ದೋಷವಿಲ್ಲ. ಕವಿಯ ಹೆಸರನ್ನು ಯಾರೂ ಅನುಭವದಿಂದ ಅರಿಯಲಾರರು. ಮೂರನೆಯದನ್ನೂ ಗೈಡಿನಿಂದ ಉರು ಹೊಡೆಸುತ್ತೇವಲ್ಲ, ಅದು ಕಲಿಕೆಯೋ, ಸುಳ್ಳಾಡುವ ಅಭ್ಯಾಸವೋ?

ಕಾನಹೊಸಹಳ್ಳಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕೆಲವು ದಿನ ಪಾಠ ಹೇಳುವ ಅವಕಾಶ ನನಗೊದಗಿತ್ತು. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಭಾಗ. ಅಲಂಕಾರಗಳನ್ನೆಲ್ಲ ಎಣಿಸಿಕೊಟ್ಟು, 'ಹೇಗಿದೆ?' ಎಂದೆ. 'ಚೆನ್ನಾಗೈತಿ ಸಾರ್' ಎಂದು ತರಗತಿ ಒಕ್ಕೊರಲಿನಿಂದ ಹೇಳಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, 'ಇಷ್ಟು ದಿನ ಸುಮ್ಕಿದ್ದು ಯುದ್ಧ ಬಂದಾಗ ಹೇಳ್ತಾನಲ್ಲ ಸಾರ್, ಇದು ಮೋಸ' ಎಂದಳು. 'ಅದು ಸ್ವಾರಸ್ಯ ಅಲ್ಲಮ್ಮ, ಕೂತ್ಕೋ' ಎಂದುಬಿಟ್ಟೆ.

ಅವಳದು ಕೃಷ್ಣನ ನಡತೆಯ ಮೇಲಿನ ತೀರ್ಪು, ಪದ್ಯದ ಮೇಲಿನದಲ್ಲ, ನಿಜ. ಆದರೆ ಆ ಸಿಟ್ಟು ನಿನಗೆ ಪದ್ಯದ ಯಾವ ಮಾತಿನಲ್ಲಿ ಹುಟ್ಟಿತು ಎಂದು ಕೇಳಿದ್ದರೆ ವಿಮರ್ಶೆ ಅಲ್ಲಿಯೇ ಮೊದಲಾಗುತ್ತಿತ್ತು. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಕವಿಗಳ ಹೆಸರನ್ನು ಮರೆಮಾಡಿ ವಿದ್ಯಾರ್ಥಿಗಳಿಗೆ ಪದ್ಯಗಳನ್ನು ಕೊಟ್ಟು, ಅವರ ಅಭಿಪ್ರಾಯಗಳನ್ನು 1929ರಲ್ಲಿ ಪುಸ್ತಕ ಮಾಡಿದರು. ಹೆಸರಿನ ಆಸರೆಯಿಲ್ಲದೆ ಅವರಲ್ಲಿ ಅನೇಕರು ಎಡವಿದ್ದರು. ನಮ್ಮ ಗೈಡು ಇದರ ತಿರುವುಮುರುವು: ಹೆಸರು, ತೀರ್ಪು ಎರಡನ್ನೂ ಕೊಟ್ಟು ಪದ್ಯವನ್ನೇ ಮರೆಮಾಡುತ್ತದೆ.

ಈ ಸೀಮೆಯ ಮಕ್ಕಳಿಗೆ ಬುದ್ಧಿ ಸಾಲದು ಎನ್ನುವವರು ಒಮ್ಮೆ ಬಯಲಾಟದ ಮರುದಿನ ಅವರ ಮಾತು ಕೇಳಬೇಕು. ದುರ್ಯೋಧನನ ಮಾತು ಎಲ್ಲಿ ಸಪ್ಪೆಯಾಯಿತು, ಭಾಗವತ ಎಲ್ಲಿ ತಾಳ ತಪ್ಪಿದ, ಎಲ್ಲವೂ ಗೊತ್ತು. ಓದದೆಯೂ ಕಾವ್ಯದಲ್ಲಿ ಪರಿಣತರಾದ ಕನ್ನಡಿಗರನ್ನು 9ನೆಯ ಶತಮಾನದ ಕವಿರಾಜಮಾರ್ಗವೇ ಮೆಚ್ಚಿಕೊಂಡಿದೆಯಷ್ಟೆ.

'ಅಂಕ ಹೋದರೆ ಯಾರು ಹೊಣೆ?' ಎಂದರು ಅಲ್ಲಿನ ಉಪಾಧ್ಯಾಯರೊಬ್ಬರು. ಹಗುರವಾದ ಮಾತಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ಮನೆಯ ಹುಡುಗಿಗೆ ನಾಲ್ಕು ಅಂಕ ಕಾಲೇಜಿಗೂ ಮದುವೆಗೂ ನಡುವಿನ ಅಂತರವಾದೀತು. ಮೌಲ್ಯಮಾಪನಕ್ಕೆ ಕುಳಿತಾಗ, ಮಾದರಿ ಉತ್ತರದಲ್ಲಿಲ್ಲದ ಒಂದು ನಿಜವಾದ ಮಾತಿಗೆ ನಾನೇ ಅಂಕ ಕಳೆದದ್ದುಂಟು. ಆ ಹೊತ್ತಿಗೆ ಇನ್ನೂ ಹತ್ತಾರು ಉತ್ತರಪತ್ರಿಕೆಗಳು ಉಳಿದಿದ್ದವು, ಅಷ್ಟೇ ಕಾರಣ.

ಮರುದಿನ ಆ ಹುಡುಗಿಯನ್ನು ಕರೆದು, ಮೋಸ ಎಂದು ಎಲ್ಲಿ ಅನ್ನಿಸಿತು ಎಂದು ಕೇಳಿದೆ. ಪುಸ್ತಕದಲ್ಲಿ ಬೆರಳಿಟ್ಟು, 'ಮೈದುನ ಅಂತ ಸಲಿಗೆ ಮಾಡಿ ರಥದಾಗ ಹತ್ರ ಎಳ್ಕೊಂಡು ಕೂರಿಸ್ಕೊಳ್ತಾನಲ್ಲ, ಅಲ್ಲೇ ಸಾರ್. ಅಷ್ಟು ಪ್ರೀತಿ ಮಾಡಿದ್ರೆ ಏನೋ ಕೇಳ್ತಾರಂತಲೇ ಅರ್ಥ' ಎಂದಳು. ಇಷ್ಟು ವರ್ಷ ಪಾಠ ಹೇಳಿದರೂ ಅಲ್ಲಿ ನಾನು ಬೆರಳಿಟ್ಟಿರಲಿಲ್ಲ.

'ಪರೀಕ್ಷೇಲಿ ಇದನ್ನ ಬರೀಲಾ ಸಾರ್?'

ಬರೆ ಎಂದೆ. ಸ್ವಲ್ಪ ತಡೆದು, ಗೈಡಿನ ಎರಡು ವಾಕ್ಯವನ್ನೂ ಅದರ ಕೆಳಗೆ ಸೇರಿಸು ಎಂದೆ.